ವಿಂಡೋಸ್ ಇರಲಿ, ಒಂದು ಪೆನ್‌ಡ್ರೈವ್ ಕೊಳ್ಳಿ: ಡಿಟಿಪಿ ಅಂಗಡಿಯವರಿಗೊಂದು ಬಹಿರಂಗ ಪತ್ರ

ತಾಲ್ಲೂಕು ಕಚೇರಿಯ ಎದುರಿಗೆ, ಕೋರ್ಟಿನ ಪಕ್ಕದ ಸಂದಿಯಲ್ಲಿ, ಬಸ್ ಸ್ಟ್ಯಾಂಡಿನ ಮಹಡಿಯಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ಎಲ್ಲ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ನಮಸ್ಕಾರ.

ನನ್ನ ಪರಿಚಯ ಸುಲಭ. ಪ್ರೂಫ್ ಹಿಡಿದುಕೊಂಡು ಬಂದು, ನಿಮ್ಮ ಹಿಂದೆ ಕುರ್ಚಿ ಎಳೆದು ಕೂತು, "ಇಲ್ಲೊಂದು ದೀರ್ಘ ಬಿಟ್ಟುಹೋಗಿದೆ ನೋಡಿ" ಎಂದು ತಲೆ ತಿನ್ನುವ ಗಿರಾಕಿ ಇರುತ್ತಾನಲ್ಲ, ನಾನು ಆ ಜಾತಿಯವನು. ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ, ಸಂಘದ ವಾರ್ಷಿಕ ವರದಿ ಎಂದು ವರ್ಷಗಟ್ಟಲೆ ನಿಮ್ಮ ಅಂಗಡಿಗಳಿಗೆ ಅಲೆದಿದ್ದೇನೆ. ಮನೆಯ ಕಂಪ್ಯೂಟರಿನಲ್ಲಿ ವಿಂಡೋಸೂ ಇದೆ, ಲಿನಕ್ಸೂ ಇದೆ. ವಿಂಡೋಸನ್ನು ಬಿಟ್ಟಿಲ್ಲ, ಬಿಡುವ ಯೋಚನೆಯೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಲಿನಕ್ಸ್ ಎಂಬ ಹೆಸರು ಬಂದ ಕೂಡಲೇ ನಿಮ್ಮಲ್ಲಿ ಅರ್ಧ ಜನ ಪತ್ರ ಮಡಚಿಡುತ್ತೀರಿ ಎಂದು ನನಗೆ ಗೊತ್ತು.

ಈ ಪತ್ರಕ್ಕೆ ಕಾರಣ ಒಂದು ತಾರೀಖು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ರ ಬೆಂಬಲವನ್ನು ನಿಲ್ಲಿಸಿತು. ಅವತ್ತು ಯಾರ ಸಿಸ್ಟಮ್ಮೂ ಕೆಟ್ಟು ನಿಲ್ಲಲಿಲ್ಲ. ಮಾರನೆಯ ದಿನವೂ ಪೇಜ್‌ಮೇಕರ್ ತೆರೆಯಿತು, ಪ್ರಿಂಟೂ ಬಂತು. ಹಾಗಾಗಿ ನಿಮ್ಮಲ್ಲಿ ಅನೇಕರಿಗೆ ಅದು ಗೊತ್ತಾಗಿಯೇ ಇಲ್ಲ. ಆದರೆ ಹೊಸದಾಗಿ ಪತ್ತೆಯಾಗುವ ತೂತುಗಳಿಗೆ ಇನ್ನು ತೇಪೆ ಬರುವುದಿಲ್ಲ. ಮನೆಬಳಕೆಯವರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಭದ್ರತಾ ಅಪ್‌ಡೇಟ್ ಕೊಡುವ ಏರ್ಪಾಡು ಮಾಡಿದರು. ಬೆಳಗಿನಿಂದ ಸಂಜೆಯವರೆಗೆ ಊರವರ ಪೆನ್‌ಡ್ರೈವನ್ನೆಲ್ಲ ಚುಚ್ಚಿಸಿಕೊಳ್ಳುವ ಯಂತ್ರಕ್ಕೆ ತೇಪೆ ಬರದಿರುವುದು ಸಣ್ಣ ಸಂಗತಿಯಲ್ಲ.

ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಅದು ಎಲ್ಲ ಸಿಸ್ಟಮ್ಮಿಗೂ ಒಗ್ಗುವುದಿಲ್ಲ. ಬೋರ್ಡಿನಲ್ಲಿ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇರಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ಜನರೇಷನ್ನಿನಿಂದ ಈಚಿನ ಪ್ರೊಸೆಸರ್ ಇರಬೇಕು. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಸೆಕೆಂಡ್ ಹ್ಯಾಂಡ್ ತಂದ ಮೂರನೇ, ನಾಲ್ಕನೇ ಜನರೇಷನ್ನಿನ ಐ3, ಐ5ಗಳೇ ನಿಮ್ಮಲ್ಲಿ ಜಾಸ್ತಿ. ಅವು ಇನ್ನೂ ಗಟ್ಟಿಮುಟ್ಟಾಗಿವೆ. ಸರ್ವಿಸಿಗೆ ಬಂದ ಹುಡುಗ ಮಾತ್ರ "ಹೊಸಾದು ತಗೊಂಬಿಡಿ ಸಾರ್" ಎನ್ನುತ್ತಾನೆ. ಇನ್ನೊಂದು ಕಡೆ ಇಂಜಿನಿಯರಿಂಗ್ ಓದುವ ತಂಗಿಯ ಮಗನೋ ಅಣ್ಣನ ಮಗನೋ ರಜಕ್ಕೆ ಬಂದವನು, "ಫಾರ್ಮ್ಯಾಟ್ ಮಾಡಿ ಲಿನಕ್ಸ್ ಹಾಕೋಣ ಮಾಮ, ಎಲ್ಲಾ ಫ್ರೀ" ಎಂದು ತೋಳು ಮಡಚುತ್ತಾನೆ. ಇಬ್ಬರ ಮಾತನ್ನೂ ಸದ್ಯಕ್ಕೆ ಕೇಳಬೇಡಿ. ಮಾಘ, ವೈಶಾಖದ ಲಗ್ನಗಳ ಸೀಸನ್ನಿನಲ್ಲಿ ಒಂದು ದಿನ ಅಂಗಡಿ ನಿಂತರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿಲ್ಲ.

ನಾನು ಹೇಳುವುದು ಮೂರನೆಯದು. ದುಡಿಮೆಯ ಸಿಸ್ಟಂ ಹೇಗಿದೆಯೋ ಹಾಗೇ ಇರಲಿ. ಒಂದು ಎಂಟು ಜಿಬಿ ಪೆನ್‌ಡ್ರೈವ್ ತನ್ನಿ. ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಫೈಲನ್ನು ಅವರ ಅಧಿಕೃತ ಜಾಲತಾಣದಿಂದ ಇಳಿಸಿಕೊಳ್ಳಿ, ಸುಮಾರು ಮೂರು ಜಿಬಿ ಇರುತ್ತದೆ. ರೂಫಸ್ ಎಂಬ ಪುಟ್ಟ ತಂತ್ರಾಂಶ ವಿಂಡೋಸಿನಲ್ಲೇ ಓಡುತ್ತದೆ, ಅದರಿಂದ ಆ ಫೈಲನ್ನು ಪೆನ್‌ಡ್ರೈವಿಗೆ ಬರೆಯಿರಿ. ಡ್ರೈವಿನಲ್ಲಿ ಮೊದಲೇನಿದ್ದರೂ ಅಳಿಸಿಹೋಗುತ್ತದೆ, ಗಿರಾಕಿ ಮರೆತುಹೋದ ಪೆನ್‌ಡ್ರೈವ್ ಬಳಸಬೇಡಿ. ಅಂಗಡಿ ಬಾಗಿಲು ಅರ್ಧ ಎಳೆದ ಮೇಲೆ, ಸಿಸ್ಟಮ್ಮನ್ನು ರೀಸ್ಟಾರ್ಟ್ ಮಾಡಿ ಎಫ್12 ಅಥವಾ ಎಫ್9 ಒತ್ತಿದರೆ (ಕಂಪನಿಗೊಂದು ಕೀಲಿ) ಎಲ್ಲಿಂದ ಶುರುವಾಗಲಿ ಎಂದು ಕೇಳುತ್ತದೆ. ಪೆನ್‌ಡ್ರೈವ್ ಆರಿಸಿ. ಒಂದೆರಡು ನಿಮಿಷದಲ್ಲಿ ಪೂರಾ ಬೇರೆಯೇ ಒಂದು ಡೆಸ್ಕ್‌ಟಾಪು ಎದುರಿಗೆ ಬರುತ್ತದೆ. ಕೆಳಗೆ ಎಡಕ್ಕೆ ಮೆನು, ಬಲಕ್ಕೆ ಗಡಿಯಾರ. ವಿಂಡೋಸ್ 7 ಬಳಸಿದವರಿಗೆ ಹೊಸತೆನಿಸುವುದು ಕಮ್ಮಿ.

ಇದೆಲ್ಲ ಪೆನ್‌ಡ್ರೈವಿನಿಂದಲೂ ರ‍್ಯಾಮಿನಿಂದಲೂ ನಡೆಯುವ ಆಟ. ನಿಮ್ಮ ಹಾರ್ಡ್‌ಡಿಸ್ಕನ್ನು ಅದು ತಾನಾಗಿ ಮುಟ್ಟುವುದಿಲ್ಲ. ಆಫ್ ಮಾಡಿ ಪೆನ್‌ಡ್ರೈವ್ ಕಿತ್ತರೆ ಮತ್ತೆ ನಿಮ್ಮ ವಿಂಡೋಸೇ ಬರುತ್ತದೆ. ಬಾಡಿಗೆ ಮನೆ ನೋಡಲು ಹೋದಾಗ ನಲ್ಲಿ ತಿರುಗಿಸಿ, ಕಿಟಕಿ ತೆಗೆದು ನೋಡಿ ಬರುತ್ತೀರಲ್ಲ, ಹಾಗೆ. ಎರಡು ಎಚ್ಚರ ಸಾಕು. ಡೆಸ್ಕ್‌ಟಾಪಿನ ಮೇಲೆ ಇನ್‌ಸ್ಟಾಲ್ ಎಂಬ ಐಕಾನ್ ಇರುತ್ತದೆ, ಅದರ ಮೇಲೆ ಕ್ಲಿಕ್ ಮಾಡಬೇಡಿ. ನಿಮ್ಮ ಸಿ ಡ್ರೈವ್, ಡಿ ಡ್ರೈವ್ ಕೂಡ ಅಲ್ಲಿ ಕಾಣಿಸುತ್ತವೆ, ಅವುಗಳೊಳಗೆ ಏನನ್ನಾದರೂ ಡಿಲೀಟ್ ಮಾಡಿದರೆ ಅದು ನಿಜವಾಗಿಯೂ ಹೋಗುತ್ತದೆ.

ಹೀಗೆ ಇನ್‌ಸ್ಟಾಲ್ ಮಾಡದೆಯೇ ನೋಡುವ ಪದ್ಧತಿ ಹಳೆಯದೇ. ಜರ್ಮನಿಯ ಕ್ಲೌಸ್ ಕ್ನಾಪರ್ 2000ದಲ್ಲಿ ತಂದ ಕ್ನಾಪಿಕ್ಸ್ ಸಿಡಿಯಿಂದ ಇದು ಜನಪ್ರಿಯವಾಯಿತು. ಆಮೇಲೆ ಉಬುಂಟುವಿನವರು ಕೇಳಿದವರ ಮನೆಗೆ ಪುಕ್ಕಟೆಯಾಗಿ ಅಂಚೆಯಲ್ಲಿ ಸಿಡಿ ಕಳಿಸುತ್ತಿದ್ದರು. 2011ರಲ್ಲಿ ಅದನ್ನು ನಿಲ್ಲಿಸಿದರು. ಆ ಕಾಲದಲ್ಲಿ ಅದನ್ನು ಹಾಕಿ ನೋಡಿ, ಕನ್ನಡದ ಒತ್ತಕ್ಷರ ಚೆಲ್ಲಾಪಿಲ್ಲಿಯಾಗಿ ಕಂಡು ಕೈಬಿಟ್ಟವರು ನಿಮ್ಮಲ್ಲೂ ಇರಬಹುದು. ಅವರು ಇನ್ನೊಮ್ಮೆ ನೋಡಬೇಕು.

ನಿಮ್ಮೆಲ್ಲರ ಮೊದಲ ಪ್ರಶ್ನೆ ಯಾವುದೆಂದು ನನಗೆ ಗೊತ್ತು. "ನುಡಿ ಬರುತ್ತಾ ಸಾರ್ ಅದರಲ್ಲಿ?"

ಅಚ್ಚರಿಯ ಸಂಗತಿ ಇರುವುದು ಇಲ್ಲೇ. ಮಿಂಟಿನಲ್ಲಿ ಕೀಬೋರ್ಡ್ ಸೆಟ್ಟಿಂಗಿಗೆ ಹೋಗಿ ಲೇಔಟ್ ಪಟ್ಟಿ ತೆರೆಯಿರಿ. ಕನ್ನಡದ ಹೆಸರಿನ ಪಕ್ಕದಲ್ಲಿ ಕಗಪ ಎಂದು ಬರೆದಿರುತ್ತದೆ. ಅದು ಕನ್ನಡ ಗಣಕ ಪರಿಷತ್ತಿನ ಕಗಪವೇ, ಕೆ.ಪಿ. ರಾಯರು ರೂಪಿಸಿದ, ನುಡಿ ತಂತ್ರಾಂಶದಲ್ಲಿ ನಿಮ್ಮ ಬೆರಳಿಗೆ ಅಂಟಿಹೋಗಿರುವ ಅದೇ ವಿನ್ಯಾಸ. ಏನನ್ನೂ ಡೌನ್‌ಲೋಡ್ ಮಾಡಬೇಕಾಗಿಲ್ಲ, ಪೆನ್‌ಡ್ರೈವಿನೊಳಗೇ ಬಂದಿರುತ್ತದೆ. ಅದೇ ಪಟ್ಟಿಯಲ್ಲಿ ಸ್ವಲ್ಪ ಕೆಳಗೆ ಮೇಲೆ ನೋಡಿದರೆ ಹಿಂದಿ, ಮರಾಠಿ, ಸಂಸ್ಕೃತ, ತೆಲುಗಿನ ಮುಂದೆಯೂ ಕಗಪ ಎಂದಿರುತ್ತದೆ. ನಮ್ಮವರ ಕೀಲಿಮಣೆಯನ್ನು ಬೇರೆ ಭಾಷೆಗಳಿಗೂ ಹೊಂದಿಸಿ, ಲೋಕದ ಯಾವ ಮೂಲೆಯಲ್ಲಿ ಲಿನಕ್ಸ್ ಹಾಕಿದರೂ ಸಿಗುವ ಹಾಗೆ ಇಟ್ಟಿದ್ದಾರೆ. ನಮ್ಮ ಊರಿನ ಯಾವ ಸನ್ಮಾನ ಸಮಾರಂಭದಲ್ಲೂ ಈ ವಿಷಯ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಕೂತು ಒತ್ತಿ ನೋಡಿ. ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂದು ಒತ್ತಿದರೆ 'ಕನ್ನಡ' ಎಂದೇ ಬರುತ್ತದೆ. ವ್ಯತ್ಯಾಸ ತಿಳಿಯುವುದು ಸ್ವರದಿಂದ ಶುರುವಾಗುವ ಪದಕ್ಕೆ ಬಂದಾಗ. 'ಇವರ', 'ಈಶ್ವರ' ಎಂದು ಹೊಡೆಯಲು ಹೋದರೆ ಇ ಬದಲು ಬರೀ ಗುಡಿಸು ಮಾತ್ರ ಬಂದು, ಹಿಡಿದುಕೊಳ್ಳಲು ಅಕ್ಷರವಿಲ್ಲದೆ ಚುಕ್ಕಿಗಳ ವೃತ್ತದ ಮೇಲೆ ನೇತಾಡುತ್ತದೆ. ಬಲಗಡೆಯ ಆಲ್ಟ್ ಕೀಲಿ ಹಿಡಿದು ಅದೇ ಅಕ್ಷರ ಒತ್ತಿದರೆ ಸ್ವರ ಬರುತ್ತದೆ. ನುಡಿಯಲ್ಲಿ ಇದನ್ನು ತಂತ್ರಾಂಶವೇ ಸಂದರ್ಭ ನೋಡಿ ತೀರ್ಮಾನಿಸುತ್ತದೆ, ಇಲ್ಲಿ ನೀವೇ ಹೇಳಬೇಕು. ಸ್ಪೀಡಿನಲ್ಲಿ ಹೊಡೆಯುವವರಿಗೆ ಎರಡು ದಿನ ಸಿಟ್ಟು ಬರುವುದು ಖಂಡಿತ.

ಈಗ ಎರಡನೆಯ ಪರೀಕ್ಷೆ. ನಿಮ್ಮ ಡಿ ಡ್ರೈವಿನಲ್ಲಿರುವ ಹಳೆಯ ವರ್ಡ್ ಫೈಲೊಂದನ್ನು, ನುಡಿ ಆಸ್ಕಿಯಲ್ಲಿ ಟೈಪಾದ ಯಾವುದೋ ಬಾಡಿಗೆ ಕರಾರನ್ನು, ಅಲ್ಲಿನ ಲಿಬ್ರೆಆಫೀಸಿನಲ್ಲಿ ತೆರೆಯಿರಿ. ಕನ್ನಡ ಕಾಣುವುದಿಲ್ಲ. 'ಕನ್ನಡ' ಎಂಬ ಪದವಿದ್ದ ಜಾಗದಲ್ಲಿ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಇರುವ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೊಂದು ಗೆರೆಯ ಎ, ಜರ್ಮನ್ ಭಾಷೆಯ ಬಿ ತರದ ಒಂದು ಅಕ್ಷರ, ಸಣ್ಣ ಕ್ಯೂ, ಮತ್ತೆ ಗೆರೆಯ ಎ. ಇಷ್ಟು ಕಂಡ ಕೂಡಲೇ "ಲಿನಕ್ಸಿಗೆ ಕನ್ನಡ ಬರಲ್ಲ" ಎಂದು ಎದ್ದುಹೋಗುವವರೇ ಹೆಚ್ಚು.

ಸ್ವಲ್ಪ ಕೂತುಕೊಳ್ಳಿ. ಲಿನಕ್ಸ್ ಸುಳ್ಳು ಹೇಳುತ್ತಿಲ್ಲ. ಆ ಫೈಲಿನೊಳಗೆ ಇರುವುದು ನಿಜಕ್ಕೂ ಅದೇ, ಪಿ, ಗೆರೆಯ ಎ, ಪೌಂಡು. ಆಸ್ಕಿ ಕಾಲದಲ್ಲಿ ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಸ್ವಂತ ಜಾಗ ಇರಲಿಲ್ಲ. ಆಗ ನಮ್ಮವರು ಇಂಗ್ಲಿಷ್, ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ನುಡಿ ಫಾಂಟ್ ಎಂಬ ಕನ್ನಡಕ ಹಾಕಿದಾಗ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಶ್ರೀಲಿಪಿಯವರು ಕೂರಿಸಿದ ಕ್ರಮ ಬೇರೆ, ಬರಹದ ಹಳೆಯ ಫಾಂಟಿನ ಕ್ರಮ ಬೇರೆ. ಆ ಕಾಲಕ್ಕೆ ಅದು ಬುದ್ಧಿವಂತಿಕೆಯ ಕೆಲಸವೇ. ಅದಿಲ್ಲದಿದ್ದರೆ ಇಷ್ಟೊಂದು ಪುಸ್ತಕ ಅಚ್ಚಾಗುತ್ತಲೇ ಇರಲಿಲ್ಲ. ಆದರೆ ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ. ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟನ್ನು ತಂದು ಕನ್ನಡವನ್ನು ಸರಿಯಾಗಿ ತೋರಿಸತೊಡಗಿ ಎರಡು ದಶಕ ದಾಟಿತು. ನಿಮ್ಮ ಫೋನಿನಲ್ಲಿ ಹೋಗಿಬರುವ ಕನ್ನಡವೆಲ್ಲ ಯೂನಿಕೋಡೇ. ಅಂಗಡಿ ಮಾತ್ರ ಆಸ್ಕಿಯಲ್ಲಿ ಉಳಿದಿದೆ.

ಉಳಿಯಲು ಕಾರಣ ನೀವಲ್ಲ, ಪೇಜ್‌ಮೇಕರ್. ಅದರ ಕೊನೆಯ ದೊಡ್ಡ ಆವೃತ್ತಿ 7 ಬಂದದ್ದು 2001ರಲ್ಲಿ. ಆಮೇಲೆ ಅಡೋಬಿಯವರು ಇನ್‌ಡಿಸೈನ್ ಕಡೆ ನಡೆದರು, ಪೇಜ್‌ಮೇಕರಿಗೆ ಯೂನಿಕೋಡ್ ತಿಳಿಯದೆಯೇ ಹೋಯಿತು. ಅದು ತೆರೆಯುವುದು ಬೇಗ, ಕೈಗೆ ರೂಢಿ, ಪ್ರೆಸ್ಸಿನವರಿಗೂ ಅದೇ ಬೇಕು. (ನಿಮ್ಮ ಅಂಗಡಿಯ ಪೇಜ್‌ಮೇಕರ್ ಎಲ್ಲಿಂದ ಬಂತೆಂದು ನಾನು ಯಾವತ್ತೂ ಕೇಳಿದವನಲ್ಲ, ಈಗಲೂ ಕೇಳುತ್ತಿಲ್ಲ.) ಹೀಗಾಗಿ ಗಿರಾಕಿ ವಾಟ್ಸಾಪಿನಲ್ಲಿ ಕಳಿಸಿದ ಅಚ್ಚುಕಟ್ಟಾದ ಕನ್ನಡವನ್ನು ಪರಿವರ್ತಕದಲ್ಲಿ ಹಾಕಿ ಆಸ್ಕಿ ಮಾಡಿಕೊಂಡು, ಪೇಜ್‌ಮೇಕರಿಗೆ ಸುರಿದು, ಕೆಟ್ಟ ಅಕ್ಷರಗಳನ್ನು ಕೈಯಲ್ಲಿ ತಿದ್ದುತ್ತಾ ಕೂರುತ್ತೀರಿ. ನಾಳೆ ಅದೇ ಲೇಖನ ಯಾರಾದರೂ ಫೋನಿನಲ್ಲಿ ಓದಲು ಕೇಳಿದರೆ ಮತ್ತೆ ತಿರುಗುಮುರುಗು.

ಆ ತಿರುಗುಮುರುಗಿನಲ್ಲಿ ಎಲ್ಲಿ ಪೆಟ್ಟು ಬೀಳುತ್ತದೆಂದು ನಿಮಗಿಂತ ಬಲ್ಲವರಿಲ್ಲ. ಅರ್ಕಾವತ್ತನ್ನೇ ತೆಗೆದುಕೊಳ್ಳಿ. 'ಧರ್ಮ' ಎಂದು ಹೇಳುವಾಗ ರ್ ಮೊದಲು, ಮ ಆಮೇಲೆ. ಯೂನಿಕೋಡ್ ಅದೇ ಕ್ರಮದಲ್ಲಿ ಜೋಡಿಸಿಡುತ್ತದೆ. ಆಸ್ಕಿಯಲ್ಲಿ ಕಣ್ಣಿಗೆ ಕಾಣುವ ಕ್ರಮ, ಮ ಮೊದಲು, ಅರ್ಕಾವತ್ತು ಆಮೇಲೆ. ಪರಿವರ್ತಕ ಪ್ರತಿ ಸಲವೂ ಅದನ್ನು ಹಿಡಿದು ಹಿಂದಕ್ಕೆ ತಳ್ಳಬೇಕು. ಒತ್ತಕ್ಷರದ ಜೊತೆ ಗುಡಿಸೂ ಸೇರಿದ ಪದ ಬಂದರೆ ಕೆಲವು ಪರಿವರ್ತಕಗಳು ಕೈಚೆಲ್ಲುತ್ತವೆ. ಪ್ರೂಫಿನಲ್ಲಿ ನಾನು ಕೆಂಪು ಶಾಯಿ ಸುರಿಸುವುದು ಬಹುಪಾಲು ಇಂಥ ಕಡೆಯೇ.

ಪೆನ್‌ಡ್ರೈವ್ ಹಾಕಿ ನೋಡಿ ಎಂದು ನಾನು ಇಷ್ಟು ಒತ್ತಾಯ ಮಾಡುವುದು ಇದೇ ಕಾರಣಕ್ಕೆ. ನೀವು ವಿಂಡೋಸ್ ಬಿಡಲಿ ಎಂದಲ್ಲ. ನಿಮ್ಮನ್ನು ಕಟ್ಟಿಹಾಕಿರುವುದು ವಿಂಡೋಸ್ ಎಂದು ನೀವೂ ತಿಳಿದಿದ್ದೀರಿ, ನಿಮ್ಮ ಅಣ್ಣನ ಮಗನೂ ತಿಳಿದಿದ್ದಾನೆ. ಬೇರೆ ಕಡೆ ಹೋಗಿ ಹಳೆಯ ಫೈಲ್ ತೆರೆದಾಗಲೇ ಗೊತ್ತಾಗುವುದು, ಗಂಟು ಇರುವುದು ಆಸ್ಕಿಯಲ್ಲಿ ಎಂದು. ವಿಂಡೋಸಿನೊಳಗೇ ಕೂತಿದ್ದರೆ ನುಡಿ ಫಾಂಟ್ ಸದಾ ಇರುವುದರಿಂದ ಅದು ಕಣ್ಣಿಗೆ ಬೀಳುವುದೇ ಇಲ್ಲ. ಈಗ ವಿಂಡೋಸ್ 11 ಇರುವ ಹೊಸ ಸಿಸ್ಟಮ್ಮನ್ನೇ ತಂದರೂ ಆ ಗಂಟು ಜೊತೆಯಲ್ಲೇ ಬರುತ್ತದೆ.

ನುಡಿಯ ಟಿಟಿಎಫ್ ಫಾಂಟುಗಳನ್ನು ಲಿನಕ್ಸಿನ ಫಾಂಟ್ ಫೋಲ್ಡರಿಗೆ ನಕಲಿಸಿದರೆ ಆ ಹಳೆಯ ಫೈಲುಗಳೂ ಕನ್ನಡದಲ್ಲೇ ಕಾಣುತ್ತವೆ, ಅದು ಬೇರೆ ಮಾತು. ಇನ್ನೊಂದು ವಿಷಯ ಕೇಳಿದರೆ ನೀವು ನಂಬಲಿಕ್ಕಿಲ್ಲ. ಲಿಬ್ರೆಆಫೀಸ್ ಡ್ರಾ ಪೇಜ್‌ಮೇಕರ್ ಫೈಲನ್ನೂ ತೆರೆಯುತ್ತದೆ, ಕೋರೆಲ್‌ಡ್ರಾ ಫೈಲನ್ನೂ ತೆರೆಯುತ್ತದೆ. ಅಚ್ಚಿಗೆ ಕಳಿಸುವಷ್ಟು ಸರಿಯಾಗಿ ಬರುತ್ತದೆಂದು ಹೇಳಲಾರೆ, ಚೌಕಟ್ಟು ಆಚೀಚೆ ಸರಿಯುವುದುಂಟು. ಆದರೆ ಪೇಜ್‌ಮೇಕರ್ ಇಲ್ಲದ ಸಿಸ್ಟಮ್ಮಿನಲ್ಲಿ ಹತ್ತು ವರ್ಷದ ಹಿಂದಿನ ಸಂಚಿಕೆಯೊಂದರಲ್ಲಿ ಏನಿತ್ತೆಂದು ನೋಡಲು ಧಾರಾಳ ಸಾಕು.

ಲಿಬ್ರೆಆಫೀಸ್, ಪುಟ ವಿನ್ಯಾಸಕ್ಕೆ ಸ್ಕ್ರೈಬಸ್, ಕೋರೆಲ್ ತರಹದ ಚಿತ್ರಗೆಲಸಕ್ಕೆ ಇಂಕ್‌ಸ್ಕೇಪ್, ಫೋಟೋಗೆ ಜಿಂಪ್. ಲಿನಕ್ಸಿನಲ್ಲಿ ನೋಡಿ ನಿಮಗೆ ಹಿಡಿಸಿದ ಇವೆಲ್ಲ ವಿಂಡೋಸಿಗೂ ಇವೆ, ಅಲ್ಲೂ ಪುಕ್ಕಟೆ. ಬೇರೆ ಊರಿಗೆ ಹೋಗದಿದ್ದರೆ ಇವು ಇವೆ ಎಂಬುದೇ ತಿಳಿಯುತ್ತಿರಲಿಲ್ಲ, ತಿಳಿದ ಮೇಲೆ ಮನೆಗೇ ತಂದುಕೊಳ್ಳಬಹುದು. ಸ್ಕ್ರೈಬಸ್ ಹಿಂದೆ ಕನ್ನಡದ ಒತ್ತಕ್ಷರವನ್ನು ಕೊಚ್ಚಿಹಾಕುತ್ತಿತ್ತು. 2024ರ ಆರಂಭದಲ್ಲಿ ಬಂದ 1.6 ಆವೃತ್ತಿಯಲ್ಲಿ ಅದು ಸರಿಯಾಗಿದೆ. ಸಿಎಂವೈಕೆ ಪಿಡಿಎಫ್ ಕೂಡ ಕೊಡುತ್ತದೆ. ಫಾಂಟುಗಳ ಬಡತನವೂ ಮೊದಲಿನಂತಿಲ್ಲ. ಗುಬ್ಬಿ, ನವಿಲು ಎಂಬ ಕನ್ನಡಿಗರೇ ಮಾಡಿದ ಯೂನಿಕೋಡ್ ಫಾಂಟುಗಳಿವೆ. ಗೂಗಲ್ಲಿನ ನೋಟೋ ಸೆರಿಫ್ ಕನ್ನಡ ಪುಸ್ತಕದ ಮೈಬರಹಕ್ಕೆ ನನಗೆ ತುಂಬ ಇಷ್ಟ. ಆದರೂ ಲಗ್ನಪತ್ರಿಕೆಯ ಆ ಬಳುಕುವ, ಡೊಂಕುಬಾಲದ ಅಕ್ಷರಗಳ ಸಮೃದ್ಧಿ ಇನ್ನೂ ಆಸ್ಕಿ ಕಡೆಯೇ ಇದೆ. ಅದನ್ನು ಅಲ್ಲೇ ಮಾಡಿ, ಯಾರೂ ಬೇಡ ಎನ್ನುವುದಿಲ್ಲ. ಇನ್‌ಡಿಸೈನ್ ಇರುವವರು ವರ್ಲ್ಡ್ ರೆಡಿ ಕಂಪೋಸರ್ ಆರಿಸಿಕೊಂಡರೆ ಯೂನಿಕೋಡ್ ಕನ್ನಡ ಅಲ್ಲೂ ಸರಿಯಾಗಿ ಕೂರುತ್ತದೆ. ಇನ್‌ಡಿಸೈನ್ ಮಾತ್ರ ಲಿನಕ್ಸಿಗೆ ಇಲ್ಲ.

ಇನ್ನೊಂದು ಅಭ್ಯಾಸದ ಬಗ್ಗೆ ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ಅರ್ಜಿ ತುಂಬಲು ಬಂದವರ ಆಧಾರ್ ಕಾರ್ಡು, ಜಾತಿ ಪ್ರಮಾಣಪತ್ರ, ಪಾಸ್‌ಬುಕ್ಕಿನ ಮೊದಲ ಪುಟವನ್ನೆಲ್ಲ ಒಂದೇ ಪಿಡಿಎಫ್ ಮಾಡಲು, ಇನ್ನೂರು ಕೆಬಿ ಒಳಗೆ ಇಳಿಸಲು, ಗೂಗಲ್ಲಿನಲ್ಲಿ ಮೊದಲು ಸಿಕ್ಕ ಯಾವುದೋ ಜಾಲತಾಣಕ್ಕೆ ಏರಿಸಿಬಿಡುತ್ತೀರಿ. ಆ ಕಡತ ಎಲ್ಲಿ ಹೋಯಿತು, ಎಷ್ಟು ದಿನ ಉಳಿಯಿತು, ಯಾರಿಗೂ ಗೊತ್ತಿಲ್ಲ. ಪಿಡಿಎಫ್ ಅರೇಂಜರ್ ಎಂಬ ಸಣ್ಣ ತಂತ್ರಾಂಶವಿದೆ. ಹಾಳೆಗಳನ್ನು ಎಳೆದು ಹಿಂದೆಮುಂದೆ ಮಾಡಬಹುದು, ತಿರುಗಿಸಬಹುದು, ಸೇರಿಸಬಹುದು. ಎಲ್ಲ ನಿಮ್ಮ ಸಿಸ್ಟಮ್ಮಿನಲ್ಲೇ, ಇಂಟರ್ನೆಟ್ ಬೇಡ. ಫೋಟೋ, ಸಹಿಯ ಕೆಬಿ ಇಳಿಸಲು ಜಿಂಪ್ ಸಾಕು. ನಾನು ಇವನ್ನು ಮೊದಲು ಕಂಡದ್ದು ಲಿನಕ್ಸಿನಲ್ಲಿ, ಈಗ ಹೆಚ್ಚು ಬಳಸುವುದು ವಿಂಡೋಸಿನಲ್ಲಿ.

ಇಷ್ಟು ಹೊಗಳಿದ ಮೇಲೆ, ವಿಂಡೋಸ್ ಯಾಕೆ ಇರಲೇಬೇಕು ಎಂದೂ ಹೇಳುತ್ತೇನೆ.

ಮೊದಲನೆಯದು ಪ್ರಿಂಟರ್. ನಿಮ್ಮ ಮೇಜಿನ ಮೇಲಿರುವ ಅಗ್ಗದ ಚಿಕ್ಕ ಲೇಸರ್ ಪ್ರಿಂಟರುಗಳಲ್ಲಿ ಅನೇಕಕ್ಕೆ ಸ್ವಂತ ಬುದ್ಧಿ ಕಡಿಮೆ. ಪುಟವನ್ನು ಚುಕ್ಕಿಚುಕ್ಕಿಯಾಗಿ ಬಿಡಿಸಿ ಕೊಡುವ ಕೆಲಸವನ್ನೆಲ್ಲ ಕಂಪ್ಯೂಟರಿನೊಳಗಿನ ಡ್ರೈವರೇ ಮಾಡಬೇಕು, ಆ ಡ್ರೈವರನ್ನು ಕಂಪನಿ ವಿಂಡೋಸಿಗೆ ಬರೆದಷ್ಟು ಮುತುವರ್ಜಿಯಿಂದ ಲಿನಕ್ಸಿಗೆ ಬರೆದಿರುವುದಿಲ್ಲ. ಕೆಲವಕ್ಕೆ ಬರೆದೇ ಇಲ್ಲ. ಎಚ್‌ಪಿಯವರು ತಮ್ಮ ಬಹಳಷ್ಟು ಪ್ರಿಂಟರುಗಳಿಗೆ ತಾವೇ ಲಿನಕ್ಸ್ ತಂತ್ರಾಂಶ ಕೊಡುತ್ತಾರೆ. ವೈಫೈ ಇರುವ ಈಚಿನ ಅನೇಕ ಪ್ರಿಂಟರುಗಳು ಡ್ರೈವರಿನ ಗೋಜಿಲ್ಲದೆಯೇ ಓಡುತ್ತವೆ. ಪೆನ್‌ಡ್ರೈವ್ ಹಾಕಿದ ರಾತ್ರಿಯೇ ಒಂದು ಹಾಳೆ ಪ್ರಿಂಟ್ ಕೊಟ್ಟು ನೋಡಿ. ಬಂದರೆ ಬಂತು, ಬರದಿದ್ದರೆ ಅದರ ಹಿಂದೆ ಬಿದ್ದು ರಾತ್ರಿ ಕಳೆಯಬೇಡಿ.

ಎರಡನೆಯದು, ಬೆರಳಚ್ಚು ತೆಗೆದುಕೊಳ್ಳುವ ಯಂತ್ರಗಳು. ಆಧಾರಿಗೆ ಸೇರಿಸಿದ ಈ ಉಪಕರಣಗಳ ತಂತ್ರಾಂಶ ಮುಖ್ಯವಾಗಿ ವಿಂಡೋಸಿಗೂ ಆಂಡ್ರಾಯ್ಡಿಗೂ ಬರೆದದ್ದು. ಟ್ಯಾಲಿ ಕೂಡ ವಿಂಡೋಸಿನದೇ. ನಮ್ಮ ಬೆಂಗಳೂರಿನ ಕಂಪನಿಯೇ ಆದರೂ ಅವರು ಲಿನಕ್ಸಿನ ಕಡೆ ಬಂದಿಲ್ಲ. ಡಿಜಿಟಲ್ ಸಹಿಯ ಟೋಕನ್ನುಗಳು ಲಿನಕ್ಸಿನಲ್ಲೂ ಓಡಬಹುದು, ಆದರೆ ಗಿರಾಕಿ ಎದುರಿಗೆ ನಿಂತಿರುವಾಗ ಅದನ್ನು ಸರಿಮಾಡುತ್ತಾ ಕೂರುವ ಗಂಡಾಂತರ ಯಾರಿಗೂ ಬೇಡ. ವೈನ್ ಎಂಬುದೊಂದಿದೆ, ವಿಂಡೋಸಿನ ತಂತ್ರಾಂಶವನ್ನು ಲಿನಕ್ಸಿನಲ್ಲಿ ಓಡಿಸುತ್ತದೆ. 1993ರಿಂದ ಬೆಳೆಯುತ್ತಾ ಬಂದಿರುವ ಅದ್ಭುತವಾದ ಕೆಲಸ ಅದು. ಕುತೂಹಲಕ್ಕೆ ಪ್ರಯತ್ನಿಸಿ, ಅದನ್ನು ನಂಬಿ ಅಂಗಡಿ ನಡೆಸಬೇಡಿ.

ಇನ್ನು ಬದಿಯಲ್ಲಿ ಕಾಡುವ ಎರಡು ಕೀಟಲೆಗಳಿವೆ. ಪೆನ್‌ಡ್ರೈವಿನಿಂದ ಲಿನಕ್ಸ್ ನೋಡಿ ಮತ್ತೆ ವಿಂಡೋಸಿಗೆ ಬಂದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಇರಬಹುದು. ಸಂಜೆ ಆರು ಗಂಟೆಗೆ ಮಧ್ಯಾಹ್ನ ಹನ್ನೆರಡೂವರೆ ಎನ್ನುತ್ತದೆ. ಏನೂ ಕೆಟ್ಟಿಲ್ಲ. ಬೋರ್ಡಿನೊಳಗಿನ ಗಡಿಯಾರದಲ್ಲಿ ಲಿನಕ್ಸ್ ಅಂತರರಾಷ್ಟ್ರೀಯ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದುಕೊಳ್ಳುತ್ತದೆ. ಎರಡರ ನಡುವಿನ ಅಂತರವೇ ಆ ಐದೂವರೆ ಗಂಟೆ. ತಾರೀಖು-ಸಮಯದ ಸೆಟ್ಟಿಂಗಿನಲ್ಲಿ ಸಿಂಕ್ ಒತ್ತಿದರೆ ಸರಿಹೋಗುತ್ತದೆ. ಬಿಲ್ ಹಾಕುವ ಮೊದಲು ನೋಡಿಕೊಳ್ಳಿ. ಎರಡನೆಯದು ಹೊಸ ಲ್ಯಾಪ್‌ಟಾಪ್ ಇರುವವರಿಗೆ. ವಿಂಡೋಸ್ 11ರ ಅನೇಕ ಯಂತ್ರಗಳಲ್ಲಿ ಡಿಸ್ಕು ತಾನಾಗಿಯೇ ಬಿಟ್‌ಲಾಕರಿನಿಂದ ಬೀಗ ಹಾಕಿಸಿಕೊಂಡಿರುತ್ತದೆ. ಬೂಟ್ ಸೆಟ್ಟಿಂಗ್ ಮುಟ್ಟಿದರೆ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಮೊದಲೇ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ. ಅಂದಹಾಗೆ, ಲಿನಕ್ಸಿಗೆ ಹೋಗುವ ಮುಂಚೆ ವಿಂಡೋಸನ್ನು ಶಟ್‌ಡೌನ್ ಮಾಡುವುದಕ್ಕಿಂತ ರೀಸ್ಟಾರ್ಟ್ ಕೊಡುವುದು ವಾಸಿ. ಫಾಸ್ಟ್ ಸ್ಟಾರ್ಟಪ್ ಇದ್ದಾಗ ಶಟ್‌ಡೌನ್ ಅಂದರೆ ಅರ್ಧ ನಿದ್ದೆ ಮಾತ್ರ, ಆಗ ಲಿನಕ್ಸ್ ನಿಮ್ಮ ಡಿ ಡ್ರೈವಿನ ಫೈಲನ್ನು ಓದಲು ಬಿಡುತ್ತದೆಯೇ ಹೊರತು ಬರೆಯಲು ಬಿಡುವುದಿಲ್ಲ.

ಮಿಂಟ್ ಒಂದೇ ಅಲ್ಲ, ಇನ್ನೂ ಇವೆ. ಗೂಗಲ್ಲಿನ ಕ್ರೋಮ್ ಓಎಸ್ ಫ್ಲೆಕ್ಸ್ ಅನ್ನೂ ಪೆನ್‌ಡ್ರೈವಿನಿಂದ ನೋಡಬಹುದು. ಅದು ಹೆಚ್ಚುಕಮ್ಮಿ ಒಂದು ಬ್ರೌಸರ್, ಡಿಟಿಪಿಗೆ ಉಪಯೋಗ ಕಡಿಮೆ. ಹೈಕು ಎಂಬುದೊಂದಿದೆ. 1990ರ ದಶಕದ ಬಿಓಎಸ್ ಎಂಬ ಸತ್ತುಹೋದ ಸಿಸ್ಟಮ್ಮನ್ನು ಕೆಲವರು 2001ರಿಂದ ಹಟಹಿಡಿದು ಮತ್ತೆ ಕಟ್ಟುತ್ತಿದ್ದಾರೆ. ಆಪಲ್ ಕಂಪನಿ 1996ರಲ್ಲಿ ಬಿಓಎಸ್ ಮಾಡಿದ ಬಿ ಕಂಪನಿಯನ್ನು ಬಿಟ್ಟು ಸ್ಟೀವ್ ಜಾಬ್ಸರ ನೆಕ್ಸ್ಟನ್ನು ಕೊಳ್ಳದಿದ್ದರೆ ಇವತ್ತಿನ ಮ್ಯಾಕ್ ಬೇರೆಯೇ ಆಗಿರುತ್ತಿತ್ತು. ಅಂಗಡಿಗೆ ಹೈಕುವಿನಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಭಾನುವಾರ ಮಧ್ಯಾಹ್ನ ಸುಮ್ಮನೆ ನೋಡಲು ಚೆಂದ, ಹಳೆಯ ಯಂತ್ರದಲ್ಲೂ ಚಕ್ಕನೆ ಎದ್ದು ನಿಲ್ಲುತ್ತದೆ.

"ಇದೆಲ್ಲ ಕಲಿಯೋದು ನಮ್ಮ ಕೈಲಾಗಲ್ಲ ಬಿಡಿ" ಎನ್ನುವವರು ಗಡಿ ದಾಟಿ ಕಾಸರಗೋಡಿಗೆ ಹೋಗಿ ಬನ್ನಿ. ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಕಂಪ್ಯೂಟರ್ ಪಾಠ ನಡೆಯುವುದು ಲಿನಕ್ಸಿನಲ್ಲಿ. ಅಲ್ಲಿನ ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳೂ ಅದರಲ್ಲೇ ಕಲಿಯುತ್ತಾರೆ.

ಪೆನ್‌ಡ್ರೈವಿನ ಆಟ ಹಿಡಿಸಿದರೆ ಮುಂದಿನ ಹೆಜ್ಜೆಗೂ ದುಡಿಮೆಯ ಸಿಸ್ಟಂ ಮುಟ್ಟಬೇಕಾಗಿಲ್ಲ. ಪ್ರತಿ ಅಂಗಡಿಯ ಮೂಲೆಯಲ್ಲೂ ಝೆರಾಕ್ಸ್ ಕಾಗದದ ಕಟ್ಟುಗಳ ಕೆಳಗೆ ಒಂದು ವಿಂಡೋಸ್ 7ರ ಕಾಲದ ಡಬ್ಬ ಇರುತ್ತದೆ. 64 ಬಿಟ್ಟಿನದಾಗಿದ್ದು ನಾಲ್ಕು ಜಿಬಿ ರ‍್ಯಾಮ್ ಇದ್ದರೆ, ಅದಕ್ಕೊಂದು ಸಣ್ಣ ಎಸ್‌ಎಸ್‌ಡಿ ಕೊಟ್ಟು ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಉಂಟು. ಆ ಡಬ್ಬಕ್ಕೆ ಒಂದೇ ಕೆಲಸ ಕೊಡಿ, ಗಿರಾಕಿಗಳ ಪೆನ್‌ಡ್ರೈವುಗಳೆಲ್ಲ ಮೊದಲು ಅಲ್ಲಿ ತೆರೆಯಲಿ. ಶಾರ್ಟ್‌ಕಟ್ ವೈರಸ್ ಬಂದ ಪೆನ್‌ಡ್ರೈವನ್ನು ವಿಂಡೋಸಿನಲ್ಲಿ ತೆರೆದರೆ ಫೋಲ್ಡರುಗಳೆಲ್ಲ ಮಾಯವಾಗಿ ಬಾಣದ ಗುರುತಿನ ಐಕಾನುಗಳು ಮಾತ್ರ ಇರುತ್ತವಲ್ಲ. ಆ ವೈರಸ್ ಮಾಡುವುದಿಷ್ಟೇ, ಅಸಲಿ ಫೋಲ್ಡರುಗಳಿಗೆ ಹಿಡನ್ ಎಂಬ ಗುರುತು ಹಾಕಿ ಮುಚ್ಚುತ್ತದೆ. ಸಾಮಾನ್ಯ ಪೆನ್‌ಡ್ರೈವುಗಳಲ್ಲಿ ಲಿನಕ್ಸ್ ಆ ಗುರುತಿಗೆ ಬೆಲೆ ಕೊಡುವುದಿಲ್ಲ. ಅಸಲಿ ಫೋಲ್ಡರು, ನಕಲಿ ಬಾಣ, ವೈರಸ್ಸಿನ ಫೈಲು ಮೂರೂ ಸಾಲಾಗಿ ಕಣ್ಣೆದುರಿಗೇ ಕೂತಿರುತ್ತವೆ. ವಿಂಡೋಸಿಗೆಂದು ಬರೆದ ಆ ವೈರಸ್ ಅಲ್ಲಿ ಕದಲುವುದೂ ಇಲ್ಲ. ಬೇಕಾದ ಫೈಲನ್ನು ಮಾತ್ರ ತೆಗೆದು ಒಳಗಿನ ಸಿಸ್ಟಮ್ಮಿಗೆ ಕೊಡಿ. ಅಪ್‌ಡೇಟ್ ನಿಂತುಹೋದ ವಿಂಡೋಸ್ 10ಕ್ಕೂ ಅದರಿಂದ ಆಯುಸ್ಸು ಬರುತ್ತದೆ.

ಮುಂದೆ ಎಂದೋ ಒಂದು ದಿನ ಹೊಸ ಸಿಸ್ಟಂ ಕೊಳ್ಳಲೇಬೇಕಾಗುತ್ತದೆ. ಅಷ್ಟರೊಳಗೆ ನಿಮ್ಮ ಹೊಸ ಕೆಲಸಗಳಲ್ಲಿ ಅರ್ಧದಷ್ಟಾದರೂ ಯೂನಿಕೋಡಿಗೆ ಬಂದಿದ್ದರೆ, ಅದರಲ್ಲಿ ವಿಂಡೋಸ್ ಇರಬೇಕೋ ಲಿನಕ್ಸ್ ಇರಬೇಕೋ ಎಂಬುದನ್ನು ದುಡ್ಡು ಮತ್ತು ಪ್ರಿಂಟರ್ ನೋಡಿ ತೀರ್ಮಾನಿಸಬಹುದು. ಕರಾರು ಪತ್ರ, ಅರ್ಜಿ, ಗ್ರಾಮ ಪಂಚಾಯ್ತಿಯ ನೋಟಿಸು, ಬಯೋಡೇಟಾ, ಇಂಥ ಒಂದೆರಡು ಹಾಳೆಯ ಕೆಲಸಗಳಿಂದ ಶುರುಮಾಡಿ. ಇವಕ್ಕೆ ಪೇಜ್‌ಮೇಕರ್ ಬೇಕೇ ಇಲ್ಲ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಬೆರಳಿಗೆ ಹೊಸದಾಗಿ ಕಲಿಸುವಂಥದ್ದೇನೂ ಇಲ್ಲ.

ನನ್ನ ಕಡೆಯಿಂದಲೂ ಒಂದು ಮಾತು ಕೊಡುತ್ತೇನೆ. ಈ ವರ್ಷದ ಸಂಚಿಕೆಗೆ ಬಂದ ಲೇಖನಗಳನ್ನೆಲ್ಲ ಯೂನಿಕೋಡಿನಲ್ಲೇ ಸರಿಪಡಿಸಿ ತರುತ್ತೇನೆ. ಸ್ಕ್ರೈಬಸಿನಲ್ಲಾದರೂ ಮಾಡಿ, ಇನ್‌ಡಿಸೈನಿನಲ್ಲಾದರೂ ಮಾಡಿ, ಮೊದಲ ಸಲ ತಡವಾದರೆ ಕಾಯುತ್ತೇನೆ, ಪುಟಕ್ಕೆ ಇಷ್ಟು ಎಂಬ ರೇಟಿನಲ್ಲಿ ಚೌಕಾಸಿ ಮಾಡುವುದಿಲ್ಲ. ಕೆಲಸ ಮುಗಿದ ಮೇಲೆ ಪಿಡಿಎಫ್ ಜೊತೆಗೆ ತಿದ್ದಿದ ಯೂನಿಕೋಡ್ ಪಠ್ಯವನ್ನೂ ನನ್ನ ಪೆನ್‌ಡ್ರೈವಿಗೆ ಹಾಕಿಕೊಡಿ. ಪರೀಕ್ಷೆಗೆ ಸಿಗಲೆಂದು ಅದರಲ್ಲಿ ಮಿಂಟನ್ನೂ ಹಾಕಿ ತಂದಿರುತ್ತೇನೆ.

ಇಂತಿ ನಿಮ್ಮ,
ಪ್ರೂಫ್ ಹಿಡಿದು ಬರುವ ಗಿರಾಕಿ